ಬಕೆಟ್ಟಿನ ತಳ

ಹೊಳಿ ಹೊಯ್ಗಿ ಮುಟ್ಟುದಿಲ್ಲೆ ವಿನಯಾ, ಸತ್ರೂ ಇಲ್ಲೆ — ಅಂದಿದ್ದರು ಇವರು, ನನ್ನ ತಮ್ಮ ಚಂದ್ರ ಹೊಯ್ಗೆ ತೆಗೆದ ಮರಳಿನ ಗುಂಡಿಯಲ್ಲಿ ಮುಳುಗಿ ಹೋದ ವರ್ಷ, ನಮ್ಮ ಮದುವೆಗೆ ಮೊದಲು, ಹೊಳೆಯಲ್ಲಿ ನಿಂತು ಬೊಗಸೆ ತುಂಬ ನೀರು ಹಿಡಿದು, ಆಗ ನೀರು ಎಷ್ಟು ತಿಳಿ ಇತ್ತು, ಇವರ ಅಂಗೈಯ ಗೆರೆ ಕಾಣುತ್ತಿತ್ತು, ಈಗ ಈ ಬಕೆಟ್ಟಿನಲ್ಲಿ ಇವರ ಪ್ಯಾಂಟೇ ಕಾಣುವುದಿಲ್ಲ, ಕಾಯಬೇಕು, ಕಲಕಬಾರದು, ಹೊಳೆಯ ಚಿಪ್ಪುಮೀನು ನೆನೆಹಾಕಿದ ಹಾಗೆ, ಹೊಟ್ಟೆಯ ಹೊಯ್ಗೆಯನ್ನು ಅದೇ ಉಗುಳುವವರೆಗೆ ಸುಮ್ಮನೆ ಬಿಡಬೇಕು ಅಂತ ಅಮ್ಮ ಕಲಿಸಿದ್ದು, ಉಗುಳಲಿ ಇದೂ. ಬ್ರಹ್ಮಾವರದಲ್ಲಿ ತೆಂಗಿನಕಾಯಿ ಟೆಂಪೋ ಓಡಿಸುತ್ತೇನೆ ಅನ್ನುವವರ ಪ್ಯಾಂಟಿನಲ್ಲಿ ಕಾಯಿಯ ನಾರಿರಬೇಕು, ನಾರೆಲ್ಲಿ — ಕಂಡಕ್ಟರ್ ಸೋಮ ಹಲ್ಲು ಕಿರಿದನಲ್ಲ, ಹ್ವಾಯ್ ವಿನಯಕ್ಕ, ನಿಮ್ಮೋರ್ ದಿನಾ ನಮ್ ಕೆರಾಡಿ ಬಸ್ಸಿಗೇ ಹತ್ತುದ್, ಅಲ್ಲೆಂತ ಇನ್ನೊಂದ್ ಮನಿ ಮಾಡಿರಾ ಕೇಣಿ, ನಾನೂ ನಕ್ಕೆ, ಇನ್ನೊಂದು ಮನೆಯಾದರೆ ಜಗಳವಾದರೂ ಮಾಡಬಹುದು, ಕೆರಾಡಿಯಲ್ಲಿ, ಹೊಳೆಯ ಮೇಲ್ಗಡೆ, ದೋಣಿಯಲ್ಲಿ ಹೊಯ್ಗೆ ಎತ್ತುತ್ತಾರಂತೆ, ಮಗಳು ನವ್ಯಾ ಕಾಲೇಜಿಗೆ ಹೋಗುವಷ್ಟು ದೊಡ್ಡವಳಾದರೂ ಒಂದು ಟವೆಲ್ ಹಿಂಡದ ಅಪ್ಪ ಈಗ ಪ್ಯಾಂಟು ತಾನೇ ಒಗೆಯುತ್ತೇನೆ ಅಂದರೆ ಯಾರು ನಂಬುತ್ತಾರೆ, ಇವತ್ತು ಭಾನುವಾರ, ಉಂಡು ಮಲಗಿದ್ದಾರೆ, ಗೊರಕೆ ಹಿತ್ತಲಿಗೆ ಕೇಳುತ್ತದೆ, ಹೊಯ್ಗೆ ಒಂದು ಚಿಟಿಕೆ ಸಿಗಲಿ, ನವ್ಯಾಳನ್ನು ಕರೆದುಕೊಂಡು ಅಮ್ಮನ ಮನೆಗೆ ಹೊರಟೆ, ಚಂದ್ರನ ಮೇಲಾಣೆ.

ಸೊಂಟ ಬಿದ್ದುಹೋಗಿದೆ, ಬೆಳಿಗ್ಗೆ ಇಳಿತಕ್ಕೆ ಚಿಪ್ಪು ಹೆಕ್ಕಲು ಹೊಳೆಗಿಳಿದದ್ದು ದಂಡ, ಮೊದಲು ಅಂಗಾಲಿಗೇ ಗೊತ್ತಾಗುತ್ತಿತ್ತು ಹೊಯ್ಗೆಯೊಳಗೆ ಚಿಪ್ಪು ಎಲ್ಲಿದೆ ಎಂದು, ಈಗ ಮೊಣಕಾಲವರೆಗೆ ಹೂಳು, ಹೆಕ್ಕಿದ್ದೆಲ್ಲ ಬಾಯಿಬಿಟ್ಟು ಸತ್ತದ್ದು, ಬಾಯಿ ತುಂಬ ಕೆಂಪು ಕೆಸರು, ಜೊತೆಗೆ ಹೆಕ್ಕುತ್ತಿದ್ದ ಬಾಗಿಯಕ್ಕ ಬುಟ್ಟಿ ಕವುಚಿ ಹಾಕಿದಳು, ಇನ್ನಿಲ್ಲಿ ಎಂತದೂ ಇಲ್ಲೆ ಹೆಣೆ, ಮಳಿ ಆರೂ ಹಿಂದಿನಂಗಿತ್ತಾ, ತಿಂಗ್ಳಿನ್ ಮಳಿ ಒಂದೇ ದಿನ ಹೊಯ್ದ್ ಗುಡ್ಡಿ ಕರ್ಗ್ಸ್ಕಂಡ್ ಬತ್ತ್ — ಯಾರೂ ಮುಟ್ಟದೆ ಗುಡ್ಡೆ ಕರಗುತ್ತದಾ ಬಾಗಿಯಕ್ಕ, ನಾನು ಕೇಳಲಿಲ್ಲ, ಸಾಕು, ಬಕೆಟ್ಟಿನ ನೀರು ತಿಳಿಯಾಗಿದೆ, ಮೆಲ್ಲ ಬಗ್ಗಿಸುತ್ತೇನೆ, ಹೊಯ್ಗೆಯಾದರೆ ಮಿನುಗುತ್ತದೆ, ಬೆರಳಿಗೆ ಚರಚರ ಅನ್ನುತ್ತದೆ, ಮಿನುಗಲಿಲ್ಲ, ನುಣ್ಣಗೆ, ಕೆಂಪು, ಬೆಳಿಗ್ಗೆ ಚಿಪ್ಪಿನ ಬಾಯಲ್ಲಿದ್ದದ್ದೇ, ನನ್ನ ಉಗುರಿನ ಸಂದಿಯಲ್ಲಿ ಇನ್ನೂ ಇದೆ, ಎರಡೂ ಒಂದೇ, ಗೊರಕೆ ಯಾವಾಗ ನಿಂತಿತು, ಇವರು ಬಾಗಿಲಲ್ಲಿ, ಬಕೆಟ್ಟು ನೋಡುತ್ತಾರೆ, ನನ್ನನ್ನಲ್ಲ, ಅದ್ ಹೊಯ್ಗಿ ಅಲ್ಲ ಮಾರಾಯ್ತಿ, ಜೆಸಿಬಿ ಕೆಲ್ಸ, ಕೆರಾಡಿ ಬದಿಯಗೆ ಗುಡ್ಡಿ ಕಡುದು, ಮೆಟ್ಲ್ ಮೆಟ್ಲ್ ಮಾಡಿ ರಬ್ಬರ್ ನೆಡ್ತ್ರ್. ಮತ್ತೆ ಕಾಯಿ ಟೆಂಪೋ ಅಂದ್ರಿ ಎಂತಕ್ಕೆ, ಕೇಳಿದೆ. ಗೊತ್ತಿತ್ತು ಇವರಿಗೆ, ಮಳೆಗೆ ಆ ಮಣ್ಣು ಎಲ್ಲಿಗಿಳಿಯುತ್ತದೆ, ಯಾವ ಹೊಳೆಗೆ, ಯಾವ ಚಿಪ್ಪಿನ ಬಾಯಿಗೆ ಎಂದು, ನಾನು ಸತ್ತ ಚಿಪ್ಪು ಸುರಿದು ಗೊಣಗುವಾಗ ತಲೆ ಬಗ್ಗಿಸಿ ಗಂಜಿ ಉಂಡವರು, ಗೊತ್ತಿಲ್ಲದಿದ್ದರೆ ಸುಳ್ಳು ಯಾಕೆ, ಎಷ್ಟು ಸಂಶಯಪಟ್ಟರೂ ನಾನು ಹುಡುಕಿದ್ದು ಹೊಯ್ಗೆಯನ್ನೇ, ಬೊಗಸೆ ನೀರು ಹಿಡಿಸಿ ಮಾತು ಪಡೆದ ದಿನ ನಾನು ಗುಡ್ಡೆಯ ಹೆಸರೆತ್ತಿರಲಿಲ್ಲ, ಅಮ್ಮನ ಮನೆಗೆ ಏನು ಹೇಳಿಕೊಂಡು ಹೋಗಲಿ, ನೀರು ಚೆಲ್ಲಿದರೂ ತಳದಲ್ಲಿ ಕೆಂಪು, ತೊಳೆದರೂ ಕೆಂಪು, ತಳದಲ್ಲಿ ಕೆಂಪು —

ಹೊಳೆಯ ಹೊಯ್ಗೆಯನ್ನು ಇವರು ಮುಟ್ಟಲಿಲ್ಲ. ಕೊಟ್ಟ ಮಾತು ನಡೆಸಿದರು.