ಕತ್ತರಿಸಿದ ಸರಳು

ಕಂಪ್ಲಿಯ ಜಂಬಯ್ಯ ಎತ್ತಿನ ಗಾಡಿಗೆ ಗಾಲಿ ಮಾಡುತ್ತಿದ್ದ. ಗಾಡಿಗಳು ಕಡಿಮೆಯಾದಾಗ ಜಾತ್ರೆಯಲ್ಲಿ ಜನ ಕೂತು ಸುತ್ತುವ ನಾಲ್ಕು ತೊಟ್ಟಿಲಿನ ಮರದ ರಾಟೆ ಕಟ್ಟಿ ಮಾರಿದ. ಮಗ ದುರುಗೇಶ್ ಅದನ್ನೇ ಕಬ್ಬಿಣದಲ್ಲಿ ಮಾಡಿದ. ಮೊಮ್ಮಗಳು ಸುಮಲತಾ ವೆಲ್ಡಿಂಗ್ ಕಲಿತು ಹನ್ನೆರಡು ತೊಟ್ಟಿಲಿನ ಜೈಂಟ್ ವೀಲ್ ಮಾಡಿದಳು. ಮನೆಯವರು ಮೊದಲು ಕೂತು ಸುತ್ತದೆ ಯಾವುದನ್ನೂ ಅವರು ಮಾರಿದವರಲ್ಲ.

ಹೊಸಪೇಟೆಯ ವಸ್ತುಪ್ರದರ್ಶನದಲ್ಲಿ ತನ್ನ ವೀಲ್ ನೋಡಲು ಹೋದ ಸುಮಲತಾ ದಂಗಾದಳು. ಕೂತವರು ಬೀಳದಂತೆ ಅವಳು ಹಾಕಿದ್ದ ಅಡ್ಡ ಸರಳುಗಳನ್ನು ವೀಲ್ ಕೊಂಡಿದ್ದ ಗುತ್ತಿಗೆದಾರ ಕತ್ತರಿಸಿಹಾಕಿದ್ದ. ಒಂದೊಂದು ತೊಟ್ಟಿಲಲ್ಲೂ ನಾಲ್ವರ ಜಾಗದಲ್ಲಿ ಆರು ಜನ ಕೂತಿದ್ದರು.

“ಸರಳು ಯಾಕ್ರೀ ಕತ್ತರಿಸಿದ್ರಿ?”

“ಹತ್ತಾಕ ಇಳಿಯಾಕ ತಡ ಆಗ್ತೈತವ್ವ. ಮಾರಿದ ಮ್ಯಾಲ ಅದು ನಂದು.”

“ವೀಲ್ ನಿಮ್ದು. ಅದರಾಗ ಕುಂತ ಕೂಸು ನಿಮ್ದಲ್ಲ!”

ವೀಲ್ ನಿಂತು ಜನ ಇಳಿದ ಕೂಡಲೇ ಅವಳು ಕೆಳಗಿನ ತೊಟ್ಟಿಲಲ್ಲಿ ಕೂತಳು. ಸಾಲಿನಲ್ಲಿದ್ದವರು ಇಳಿಯಿರೆಂದು ಕೂಗಿದರು. ಅವಳು ಕತ್ತರಿಸಿದ ಮೋಟು ತೋರಿಸಿದಳು.

“ಇಲ್ಲಿ ಸರಳಿತ್ರಿ. ನಿಮ್ಮ ಮಕ್ಳು ಬೀಳಬಾರ್ದಂತ ನಾನ ಹಾಕಿದ್ದೆ.”

ಒಬ್ಬ ಹೆಂಗಸು ಮೋಟನ್ನು ಮುಟ್ಟಿ ನೋಡಿ ಮಗಳನ್ನು ಹಿಂದಕ್ಕೆಳೆದುಕೊಂಡಳು. ಆಮೇಲೆ ಸಾಲೇ ಕರಗಿತು.

“ಇನ್ ಮ್ಯಾಲ ನಿಮ್ಮತ್ರ ಯಾರು ಕೊಳ್ತಾರ ನೋಡ್ತೀನಿ,” ಎಂದು ಗುತ್ತಿಗೆದಾರ ಹಲ್ಲು ಕಡಿದ. ಆದರೂ ಜನ ಬರುವುದು ನಿಂತದ್ದರಿಂದ, ಮರುದಿನ ಅಪ್ಪ ಮಗಳು ಹೊಸ ಸರಳು ಬೆಸೆಯುವಾಗ ತಡೆಯಲಿಲ್ಲ.

ಸುದ್ದಿ ಕೇಳಿ ಆ ವರ್ಷ ಬೇರೆ ಇಬ್ಬರು ಗುತ್ತಿಗೆದಾರರು ಆರ್ಡರ್ ರದ್ದು ಮಾಡಿದರು. “ಹೋದ್ರ ಹೋಗ್ಲಿ ಬಿಡವ್ವ,” ಎಂದ ದುರುಗೇಶ್. ಸುಮಲತಾಳ ಸಿಟ್ಟು ಇಳಿಯಲಿಲ್ಲ. ಆ ಗುತ್ತಿಗೆದಾರರಿಬ್ಬರೂ ಸರಳಿಲ್ಲದ ವೀಲನ್ನು ಇನ್ನೆಲ್ಲೋ ಕೊಂಡು ತಿರುಗಿಸುತ್ತಿರುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು.