ನಿಲ್ಲದ ತಬಲಾ

ಎಂಟು ತಿಂಗಳು ಫೋನ್ ನೋಡಿಕೊಂಡು ಒಬ್ಬಳೇ ಗಿಟಾರ್ ಕಲಿತಿದ್ದೆ. ತಪ್ಪಿದರೆ ಫೋನ್ ನಿಲ್ಲಿಸಿ ಮೊದಲಿಂದ ಶುರು ಮಾಡುತ್ತಿದ್ದೆ. ನರಗುಂದದ ಭಜನಾ ಮೇಳದ ಜೊತೆ ಮೊದಲ ಸಲ ಬಾರಿಸಲು ಕೂತಾಗ ಆ ಆಟ ನಡೆಯಲಿಲ್ಲ. ಮೂರನೇ ಸಲವೂ ತಪ್ಪಿ ಕೈ ನಿಲ್ಲಿಸಿದೆ. ಹಾಡು ನನ್ನನ್ನು ಬಿಟ್ಟು ಮುಂದೆ ಹೋಯಿತು.

"ಒಂಚೂರು ನಿಲ್ಲಸ್ರಿ, ಮೊದಲಿಂದ ಬಾರಸ್ತೀನಿ!" ಎಂದು ಗೋಗರೆದೆ.

ತಬಲಾದ ಮಹಮ್ಮದಸಾಬರು ಕೈ ನಿಲ್ಲಿಸಲಿಲ್ಲ. "ಹಾಡು ಯಾರ ಸಲುವಾಗೂ ನಿಲ್ಲಂಗಿಲ್ಲ ತಂಗಿ. ಕಲತದ್ದೆಲ್ಲಾ ಬಿಡು. ನಾ ತಲಿ ಬಗ್ಗಿಸಿದಾಗೊಮ್ಮೆ ಆ ದಪ್ಪನ ತಂತಿ ಒಂದ ಮೀಟು. ತಪ್ಪಿದ್ರ ತಪ್ಪಲಿ, ತಾಳದ ಮುಂದಿನ ಸುತ್ತಿನ್ಯಾಗ ಬಾ."

ಅವರ ತಲೆ ಬಾಗಿತು. ಮೀಟಿದೆ. ತಪ್ಪು ತಂತಿ! ಗಿಟಾರ್ ಅಲ್ಲೇ ಬಿಸಾಕಿ ಎದ್ದು ಓಡಬೇಕೆನ್ನಿಸಿತು. ಅಷ್ಟರಲ್ಲಿ ಆ ಹಾಳು ತಲೆ ಮತ್ತೆ ಬಾಗುತ್ತಿತ್ತು.

ಅಳುತ್ತಲೇ ಮೀಟಿದೆ.