ನವೋಮಿಯ ಪರಮಪ್ರಸಾದ

ಠಾಣೆಯ ಆ ಕಾನ್ವೆಂಟ್ ಶಾಲೆಯಲ್ಲಿ ಬೈಬಲ್ ಕ್ವಿಝ್ ನಡೆದಾಗಲೆಲ್ಲ ಮೊದಲ ಬಹುಮಾನ ಮೂರನೇ ಇಯತ್ತೆಯ ನವೋಮಿ ವಾಕ್ರುಲ್ಕರಳಿಗೇ ಹೋಗುತ್ತಿತ್ತು. ಮೋಶೆಯ ಅಕ್ಕ ಯಾರು, ದಾವೀದನ ಮುತ್ತಜ್ಜಿ ಯಾರು ಎಂದು ಕೇಳಿ ಮುಗಿಸುವುದರೊಳಗೆ ಹುಡುಗಿಯ ಕೈ ಮೇಲೆದ್ದಿರುತ್ತಿತ್ತು. ಇಷ್ಟು ಭಕ್ತಿಯ ಮನೆ ಈ ಕಡೆ ಇನ್ನೊಂದಿಲ್ಲ ಎಂದು ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಲೀರಾ ಎಲ್ಲರೆದುರು ಹೊಗಳುತ್ತಿದ್ದರು. ಭಕ್ತಿಯ ಮನೆಯೇನೋ ಹೌದು. ಆದರೆ ಅದು ಯೆಹೂದಿಗಳ ಮನೆ. ಇದನ್ನು ಸಿಸ್ಟರಿಗೆ ಹೇಳಬೇಕಾದವಳು ನವೋಮಿಯ ತಾಯಿ ಡೀನಾ. ಅವಳು ಹೇಳಿರಲಿಲ್ಲ.

ಅವಳಾಗಿ ಸುಳ್ಳು ಹೇಳಿದ್ದೂ ಅಲ್ಲ. ನವೋಮಿಯನ್ನು ಸೇರಿಸಲು ಹೋದ ದಿನ ಕಚೇರಿಯ ಕ್ಲಾರ್ಕು ಗಂಡನ ಹೆಸರು ಸ್ಯಾಮ್ಸನ್, ಹೆಂಡತಿ ಡೀನಾ, ಮಗಳು ನವೋಮಿ ಎಂದು ಕೇಳಿ, ಆಡುವ ಮಾತು ಮರಾಠಿ ಎಂಬುದನ್ನು ಗಮನಿಸಿ, ವಸಯಿ ಕಡೆಯ ಕ್ರೈಸ್ತರಿರಬೇಕೆಂದು ತಾನೇ ತೀರ್ಮಾನಿಸಿದ್ದ. ವಸಯಿಯವರಾ ಎಂದು ಕೇಳಿದಾಗ ಡೀನಾ ತಲೆಯಾಡಿಸಿದ ರೀತಿಗೆ ಯಾವ ಅರ್ಥ ಬೇಕಾದರೂ ಹಚ್ಚಬಹುದಿತ್ತು. ಅಲ್ಲಿಂದಾಚೆ ಉಳಿದ ಮಕ್ಕಳು ನೀತಿಪಾಠಕ್ಕೆ ಹೋದಾಗ ನವೋಮಿ ಕ್ಯಾಥೊಲಿಕ್ ಮಕ್ಕಳ ಧರ್ಮಪಾಠಕ್ಕೆ ಹೋದಳು. ಮನೆಯ ಮಾತು ಶಾಲೆಯಲ್ಲಿ ಆಡಬೇಡ ಎಂದು ಡೀನಾ ಒಮ್ಮೆ ಹೇಳಿದ್ದಳು. ಹುಡುಗಿಗೆ ಎರಡನೇ ಸಲ ಹೇಳಬೇಕಾಗಲಿಲ್ಲ.

ಎದುರು ಮನೆಯ ರತ್ನಾವತಿಗೆ ಮಾತ್ರ ಎಲ್ಲವೂ ಗೊತ್ತು. ಉಡುಪಿ ಕಡೆಯವಳು, ಗಂಡನದು ಸ್ಟೇಷನ್ ಹತ್ತಿರ ಹೊಟೇಲು. ಡೀನಾ ಹುಟ್ಟಿ ಬೆಳೆದದ್ದು ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನಲ್ಲಾದ್ದರಿಂದ ಇಬ್ಬರಿಗೂ ತಂತಮ್ಮ ಕನ್ನಡದಲ್ಲಿ ಹರಟಲು ಒಂದು ನೆಪ. "ನನ್ನ ಮಗನಿಗೆ ಅಲ್ಲಿ ಸೀಟು ಸಿಗ್ಲಿಕ್ಕೆ ನಾನು ಊರಿಗೆ ಹೋಗಿ ಹರಕೆ ಹೊತ್ತದ್ದು. ನಿಮಗೆ ಬರೀ ಹೆಸರಲ್ಲೇ ಆಯ್ತು ಮಾರಾಯ್ರೆ" ಎಂದು ಅವಳು ಹಂಗಿಸಿದಾಗ ಡೀನಾ ನಕ್ಕಿದ್ದಳು. ಆಗ ನಗುವಂತಿತ್ತು.

ಈಗ ನಗುವಂತಿರಲಿಲ್ಲ. ಮೂರನೇ ಇಯತ್ತೆಯ ಕ್ಯಾಥೊಲಿಕ್ ಮಕ್ಕಳಿಗೆ ಏಪ್ರಿಲಿನಲ್ಲಿ ಮೊದಲ ಪರಮಪ್ರಸಾದ, ಇಗರ್ಜಿಯ ಪೀಠದೆದುರು ಪಾದ್ರಿ ಬಾಯಿಗಿಡುವ ಪವಿತ್ರ ರೊಟ್ಟಿ. ಹುಡುಗಿಯರ ಬಿಳಿ ಅಂಗಿಗೆ ಅಳತೆ ತೆಗೆಯುವುದು ಶುರುವಾಗಿತ್ತು. ಅದಕ್ಕೆ ಮೊದಲು ಆಗಿರಲೇಬೇಕಾದ, ತಲೆಗೆ ನೀರು ಹಾಕಿ ಕ್ರೈಸ್ತರಾಗಿಸುವ ಜ್ಞಾನಸ್ನಾನ ನವೋಮಿಗೆ ಯಾವ ಇಗರ್ಜಿಯಲ್ಲಿ ಆಯಿತೆಂದು ಸಿಸ್ಟರ್ ಕೇಳಿದಾಗ ಡೀನಾ ಹುಬ್ಬಳ್ಳಿ ಎಂದುಬಿಟ್ಟಳು. ಇದು ಮಾತ್ರ ಪೂರಾ ಸುಳ್ಳು. ಮಂಗಳೂರಿನವರಾದ ಸಿಸ್ಟರಿಗೆ ಅದನ್ನು ಕೇಳಿ ಇನ್ನೂ ಪ್ರೀತಿ ಉಕ್ಕಿತು: ಹಾಗಾದರೆ ನೀವು ನಮ್ಮ ಕಡೆಯವರೇ, ಶುಕ್ರವಾರ ಸಂಜೆ ಮನೆಗೇ ಬರುತ್ತೇನೆ ಎಂದರು.

ಆಗಲೇ ನಿಜ ಹೇಳಬಹುದಿತ್ತು. ಆದರೆ ಎಜ್ರಾ ಇದ್ದ. ಮನೆಯಲ್ಲಿ ಅಷ್ಟಿಷ್ಟು ಮಾತಾಡುವ ಐದು ವರ್ಷದ ಮಗ, ಹೊರಗಿನವರ ಎದುರು ಬಾಯಿ ಹೊಲಿದುಕೊಂಡವನಂತೆ ಕೂರುತ್ತಿದ್ದ. ಊರಿನ ಉಳಿದ ಶಾಲೆಗಳವರು ಇಂಟರ್‌ವ್ಯೂನಲ್ಲಿ ಅವನಿಗೆ ಮಾವಿನಹಣ್ಣಿನ ಚಿತ್ರ ತೋರಿಸಿ, ಅವನು ಸುಮ್ಮನಿದ್ದದ್ದನ್ನು ನೋಡಿ, ಬೇರೆ ಥರದ ಶಾಲೆ ಹುಡುಕಿ ಎಂದು ಮೃದುವಾಗಿ ಹೇಳಿ ಕಳಿಸಿದ್ದರು. ಸಿಸ್ಟರ್ ಲೀರಾ ಮಾತ್ರ, ನಮ್ಮ ಮಕ್ಕಳ ತಮ್ಮ ತಂಗಿಯರಿಗೆ ಇಂಟರ್‌ವ್ಯೂ ಇಲ್ಲ, ಜೂನಿಗೆ ಕರೆದುಕೊಂಡು ಬನ್ನಿ ಎಂದಿದ್ದರು. ತುರ್ಭೆಯಲ್ಲಿ ಪಾಳಿ ಕೆಲಸ ಮಾಡುವ ಸ್ಯಾಮ್ಸನ್‌ಗೆ ಫೋನಿನಲ್ಲಿ ಎಲ್ಲ ಹೇಳಿಕೊಂಡರೆ, ನಿನಗೆ ಸರಿ ಕಂಡದ್ದು ಮಾಡು ಎಂದ. ಮದುವೆಯಾದಂದಿನಿಂದ ಅವನು ಎಲ್ಲದಕ್ಕೂ ಕೊಡುತ್ತ ಬಂದ ಉತ್ತರ ಅದು.

ಶುಕ್ರವಾರ ಮಧ್ಯಾಹ್ನ ಡೀನಾ ಸ್ಟೂಲು ಹತ್ತಿ, ಬಾಗಿಲ ಚೌಕಟ್ಟಿನ ಬಲಕ್ಕೆ ಓರೆಯಾಗಿ ಕೂರಿಸಿದ್ದ ಮೆಝುಝಾವನ್ನು ಸ್ಕ್ರೂ ಬಿಚ್ಚಿ ತೆಗೆದಳು. ದೇವವಾಕ್ಯದ ಸುರುಳಿಯಿಟ್ಟ ಆ ಪುಟ್ಟ ಕೊಳವೆ ಯೆಹೂದಿಗಳ ಮನೆಯ ಗುರುತು. ಅದನ್ನು ಅವಲಕ್ಕಿ ಡಬ್ಬಿಯಲ್ಲಿ ಹೂತಳು. ಎಲಿಯಾ ಪ್ರವಾದಿಯ ಪಟ ಮಂಚದಡಿ ಹೋಯಿತು. ಅತ್ತೆ ಶೆಗುಲಾ ಆಯಿಯನ್ನು ರತ್ನಾವತಿಯ ಮನೆಗೆ ಟೀವಿ ನೋಡಲು ಸಾಗಹಾಕಿದಳು. ಸ್ವಂತ ಮನೆಗೆ ತಾನೇ ಕನ್ನ ಹಾಕಿದಂತಿತ್ತು.

ಸಿಸ್ಟರ್ ಬಂದರು, ಕೂತರು, ನವೋಮಿಯ ಗಲ್ಲ ಹಿಂಡಿದರು. ಎಜ್ರಾ ಪರದೆಯ ಹಿಂದೆ ಸೇರಿಕೊಂಡ. ಡೀನಾ ಚಹಾಕ್ಕೆ ಇಡುವಷ್ಟರಲ್ಲಿ ಆಯಿ ಬಾಗಿಲಲ್ಲಿ ಕಾಣಿಸಿಕೊಂಡಳು. ವಾರದ ವಿಶ್ರಾಂತಿ ದಿನವಾದ ಶಬ್ಬಾತಿಗೆ ದೀಪ ಹಚ್ಚುವ ಹೊತ್ತಾಯಿತೆಂದು ಧಾರಾವಾಹಿ ಅರ್ಧಕ್ಕೇ ಬಿಟ್ಟು ಬಂದಿದ್ದಳು. ಒಳಗೆ ಕಾಲಿಡುವಾಗ ಮೆಝುಝಾ ಮುಟ್ಟಿ ಬೆರಳಿಗೆ ಮುತ್ತಿಡುವ ಅಭ್ಯಾಸ. ಬೆರಳು ಚೌಕಟ್ಟಿಗೆ ಹೋಯಿತು. ಅಲ್ಲಿ ಸ್ಕ್ರೂವಿನ ಎರಡು ತೂತು.

"ಅಗ ಡೀನಾ, ಮೆಝುಝಾ ಕುಠೆ ಗೆಲಾ?"

ಮೆಝುಝಾ ಎಲ್ಲಿ ಹೋಯಿತೆಂದು ಆಯಿ ಕೇಳಿದ್ದು ಇಡೀ ಮನೆಗೆ ಕೇಳಿಸಿತು. ಮುಚ್ಚಿಡದೆ ಇದ್ದಿದ್ದರೆ ಸಿಸ್ಟರ್ ಅದನ್ನು ಗಮನಿಸುತ್ತಲೇ ಇರಲಿಲ್ಲವೇನೋ. ಬೈಬಲ್ ಓದಿಕೊಂಡ ಹೆಂಗಸಿಗೆ ಆ ಪದ ಮಾತ್ರ ಚೆನ್ನಾಗಿ ಗೊತ್ತಿತ್ತು. ಅವರು ಮುದುಕಿಗೆ ಕೈಮುಗಿದು, ಅವಳಿಗೆ ತಿಳಿಯದಿರಲೆಂದು ಮರಾಠಿ ಬಿಟ್ಟು ಕನ್ನಡಕ್ಕೆ ತಿರುಗಿದರು. ಅಷ್ಟು ಮರ್ಯಾದೆ ಉಳಿಸಿದರು.

"ಬರುವ ಏಪ್ರಿಲಿಗೆ ಈ ಮಗು ಪೀಠದ ಎದುರು ನಿಂತು ಬಾಯಿ ತೆರೀತಿತ್ತು. ಅಲ್ಲಿವರೆಗೂ ಹೇಳುವುದಿಲ್ಲ ಅಂತ ಇದ್ದಿರಾ ನೀವು?"

"ಎಜ್ರಾನ ಸೀಟ್ರಿ, ಸಿಸ್ಟರ್. ಅವಂಗ ಬ್ಯಾರೆ ಯಾರೂ ತಗೊಳ್ಳಾಕ ತಯಾರಿಲ್ಲ."

"ಅದು ನಮ್ಮ ಮಕ್ಕಳ ತಮ್ಮ ಅಂತ ಇಟ್ಟ ಸೀಟು. ಇನ್ನು ಅವನೂ ಎಲ್ಲರ ಹಾಗೆ ಇಂಟರ್‌ವ್ಯೂಗೆ ಬರ್ಬೇಕು."

ಪರದೆಯ ಕೆಳಗೆ ಎಜ್ರಾನ ಪಾದಗಳು ಕಾಣುತ್ತಿದ್ದವು. ಡೀನಾ ಅವನ್ನೇ ನೋಡುತ್ತ, ತಾನು ಆಡುತ್ತೇನೆಂದು ಎಂದೂ ಎಣಿಸಿರದ ಮಾತು ಆಡಿದಳು.

"ಹಂಗಾದ್ರ ಮಾಡಿಸಿಬಿಡ್ರಿ. ನವೋಮಿಗೆ ನೀರು ಹಾಕ್ರಿ, ಎಜ್ರಾಗೂ ಹಾಕ್ರಿ. ನಾ ಬ್ಯಾಡ ಅನ್ನಂಗಿಲ್ಲ."

ಸಿಸ್ಟರ್ ಎದ್ದು ನಿಂತರು. "ಹೊರಗೆ ಈಗ ಗಾಳಿ ಹೇಗುಂಟು ಗೊತ್ತಲ್ಲ ನಿಮಗೆ? ಮತಾಂತರ ಮಾಡಿಸಿದ್ರು ಅಂತ ಶಾಲೆಗೆ ಬೀಗ ಹಾಕಿಸ್ತಾರೆ. ಅದು ಬಿಡಿ, ಸೀಟಿಗೆ ಬದಲು ಕೊಡ್ಲಿಕ್ಕೆ ಜ್ಞಾನಸ್ನಾನ ನನ್ನ ಸ್ವತ್ತಲ್ಲ. ಈ ಮಾತು ನೀವು ಹೇಳಲಿಲ್ಲ, ನಾನು ಕೇಳಿಸಿಕೊಳ್ಳಲಿಲ್ಲ." ನವೋಮಿ ಸೋಮವಾರದಿಂದ ನೀತಿಪಾಠಕ್ಕೆ ಕೂತರಾಯಿತು, ಅವಳನ್ನು ಯಾರೂ ಹೊರಗೆ ಹಾಕುವುದಿಲ್ಲ ಎಂದೂ ಹೇಳಿ ಹೊರಟರು. ಚಹಾ ಉಕ್ಕಿ ಗ್ಯಾಸು ಆರಿತ್ತು.

ಆಯಿಗೆ ಕನ್ನಡದ ಗಂಧವಿಲ್ಲ. ಇಷ್ಟು ಹೊತ್ತು ಏನು ಮಾತು ಎಂದು ಕೇಳಿದಳು. ಡೀನಾ ಗ್ಯಾಸು ಬಂದ್ ಮಾಡಲು ಒಲೆಯ ಕಡೆ ತಿರುಗಿದಳು. ಆಗ ನವೋಮಿ ಅಜ್ಜಿಯ ಮುಖವನ್ನೇ ನೋಡುತ್ತ, ಶುದ್ಧ ಮರಾಠಿಯಲ್ಲಿ, ಸಿಸ್ಟರ್ ತನ್ನನ್ನು ತುಂಬ ಹೊಗಳಿದರೆಂದೂ ಎಜ್ರಾನ ಸೀಟು ಗಟ್ಟಿಯಾಯಿತೆಂದೂ ಹೇಳಿದಳು. ತಾಯಿಯ ಕನ್ನಡ ಅವಳಿಗೆ ಆಡಲು ಬರುತ್ತಿರಲಿಲ್ಲ. ಆದರೆ ಒಂದಕ್ಷರ ಬಿಡದೆ ತಿಳಿಯುತ್ತಿತ್ತು. ತನ್ನ ಮೇಲೆ ನೀರು ಹಾಕಿಸಲು ತಾಯಿ ಹೊರಟದ್ದೂ ತಿಳಿದಿತ್ತು.

ಪರದೆಯ ಹಿಂದಿನಿಂದ ಎಜ್ರಾ ಹೊರಬಂದ.

"ಕಧೀ?" ಎಂದ. ಯಾವಾಗ ಹೋಗುವುದು ಎಂದು ಅವನು ಕೇಳಿದ್ದು ತಾಯಿಯನ್ನು.

"ಜೂನಮಧೆ," ಎಂದಳು ನವೋಮಿ. ಜೂನಿಗೆ. ತಾಯಿಯ ಕಡೆ ತಿರುಗಿಯೂ ನೋಡಲಿಲ್ಲ.